ಅಜ್ಜಿಯ ಕ್ಯಾಸೆಟ್ ಕಂಪ್ಯೂಟರಿಗೆ: ದನಿ ಅಂಕಿಯಾಗಿ, ಅಂಕಿ ಮತ್ತೆ ದನಿಯಾಗುವ ದಾರಿ, ಹಂತ ಹಂತವಾಗಿ

ನಮ್ಮ ಮನೆಯ ಬೀರುವಿನಲ್ಲಿ ಅರವತ್ತು ನಿಮಿಷದ ಒಂದು ಕ್ಯಾಸೆಟ್ ಇದೆ. ಚಿಕ್ಕಮ್ಮನ ಮದುವೆಗೆ ಅರಿಶಿನ ಕುಟ್ಟುವ ದಿನ ಅಜ್ಜಿ ಮತ್ತು ಓಣಿಯ ನಾಲ್ಕು ಹೆಂಗಸರು ಹಾಡಿದ ಸೋಬಾನೆ ಪದಗಳು ಅದರಲ್ಲಿವೆ. ಹಾಡಿನ ಹಿಂದೆ ಒನಕೆ ಬೀಳುವ ಸದ್ದು, ಬಳೆಗಳ ಸದ್ದು, ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ಮೊದಲು ಅಜ್ಜಿ ಎಳೆದುಕೊಳ್ಳುವ ಉಸಿರು. ಕೆಲವು ವರ್ಷಗಳ ಹಿಂದೆ ಇದನ್ನು ಒಂದು ಅಂಗಡಿಗೆ ಕೊಟ್ಟು ಸಿ.ಡಿ. ಮಾಡಿಸಿದೆವು. ಕೇಳಿದರೆ, ಅಜ್ಜಿ ತಾರಸ್ಥಾಯಿಗೆ ಏರಿದಾಗಲೆಲ್ಲ ದನಿ ಒಡೆದು ಗರಗರ ಎನ್ನುತ್ತಿತ್ತು. ಬಳೆಗಳ ಸದ್ದು ಮಂಕಾಗಿತ್ತು, ಉಸಿರು ಇರಲೇ ಇಲ್ಲ. ಟೇಪು ಹಳೆಯದಾಯಿತು, ಹಾಳಾಗಿದೆ ಎಂದು ಎಲ್ಲರೂ ಸುಮ್ಮನಾದೆವು.

ಎರಡು ವರ್ಷ ಬಿಟ್ಟು ನಾನೇ ಕೂತು ಅದೇ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದಾಗ ಗೊತ್ತಾಯಿತು, ಟೇಪು ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ದನಿ ಅಂಕಿಯಾಗಿ ಬದಲಾದ ಆ ಹೊತ್ತಿನಲ್ಲಿ. ಅಂಕಿಯಾದ ಮೇಲೆ ದನಿ ಸವೆಯುವುದಿಲ್ಲ, ಸಾವಿರ ಸಲ ನಕಲು ಮಾಡಿದರೂ ಹಾಗೇ ಇರುತ್ತದೆ. ಆದರೆ ಅಂಕಿಯಾಗುವಾಗ ಏನು ಒಳಗೆ ಬರಲಿಲ್ಲವೋ ಅದನ್ನು ಆಮೇಲೆ ಯಾವ ಸಾಫ್ಟ್‌ವೇರ್ ಕೂಡ ತಂದುಕೊಡಲಾರದು. ಹಾಗಾಗಿ ಈ ಬರಹದಲ್ಲಿ ಹೆಚ್ಚು ಜಾಗವನ್ನು ಆ ಗಳಿಗೆಗೂ ಅದರ ಮುಂಚಿನ ತಯಾರಿಗೂ ಕೊಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಕ್ಯಾಸೆಟ್ ಇದ್ದರೆ ಪಕ್ಕದಲ್ಲಿಟ್ಟುಕೊಂಡೇ ಓದಿ.

ಮೊದಲು, ಟೇಪಿನಲ್ಲಿ ಇರುವುದೇನು?

ಒನಕೆ ಒರಳಿಗೆ ಬಿದ್ದಾಗ ಸುತ್ತಲಿನ ಗಾಳಿ ಒತ್ತಿಕೊಳ್ಳುತ್ತದೆ, ಸಡಿಲಾಗುತ್ತದೆ. ಆ ಒತ್ತು-ಸಡಿಲು ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಸಾಗಿ ಕಿವಿ ತಲುಪುತ್ತದೆ. ಸೆಕೆಂಡಿಗೆ ಎಷ್ಟು ಸಲ ಹೀಗೆ ಒತ್ತಿ ಸಡಿಲಾಯಿತು ಎಂಬುದೇ ಆವರ್ತನ. ಅದರ ಅಳತೆ ಹರ್ಟ್ಜ್. ಮನುಷ್ಯರ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಜ್‌ವರೆಗೆ ಕೇಳಿಸುತ್ತದೆ, ವಯಸ್ಸಾದಂತೆ ಮೇಲಿನ ತುದಿ ಇಳಿಯುತ್ತಾ ಬರುತ್ತದೆ. ಒನಕೆಯ ಧಡ್ ಎಂಬ ಸದ್ದು ಈ ಹಾಸಿನ ಕೆಳತುದಿಯಲ್ಲಿದೆ, ಬಳೆಗಳ ಸದ್ದು ಹಲವು ಸಾವಿರ ಹರ್ಟ್ಜ್‌ಗಳ ಮೇಲುತುದಿಯಲ್ಲಿದೆ.

ಅಂದು ಟೇಪ್ ರೆಕಾರ್ಡರಿನ ಮೈಕಿನೊಳಗಿನ ತೆಳು ಪೊರೆ ಈ ಒತ್ತಡಕ್ಕೆ ತಕ್ಕಂತೆ ಅಲುಗಿತು. ಅಲುಗಾಟ ವಿದ್ಯುತ್ತಿನ ಏರಿಳಿತವಾಯಿತು. ಆ ವಿದ್ಯುತ್ತು, ಟೇಪಿಗೆ ತಾಗಿ ಕೂರುವ ಹೆಡ್ ಎಂಬ ಪುಟ್ಟ ವಿದ್ಯುತ್ಕಾಂತದಲ್ಲಿ ಕಾಂತಕ್ಷೇತ್ರವಾಗಿ, ಮುಂದೆ ಸಾಗುತ್ತಿದ್ದ ಟೇಪಿನ ಮೇಲಿನ ಕಬ್ಬಿಣದ ಆಕ್ಸೈಡ್ ಕಣಗಳನ್ನು ಹೆಚ್ಚು ಕಡಿಮೆ ಕಾಂತಗೊಳಿಸಿತು. ಇಲ್ಲಿ ಎಲ್ಲೂ ಅಂಕಿ ಇಲ್ಲ. ಗಾಳಿಯಲ್ಲಿದ್ದ ಅಲೆಯ ಆಕಾರವೇ ಬೇರೆ ಬೇರೆ ರೂಪದಲ್ಲಿ ಮುಂದಕ್ಕೆ ಸಾಗಿದೆ. ಅನಲಾಗ್ ಎಂದರೆ ಇಷ್ಟೇ.

ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಈ ಕ್ಯಾಸೆಟ್ಟಿನಲ್ಲಿ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಒಂದು ಲೆಕ್ಕ ಹಾಕಿ: 10,000 ಹರ್ಟ್ಜ್‌ನ ಬಳೆಯ ಸದ್ದಾದರೆ ಆ 4.76 ಸೆಂಟಿಮೀಟರಿನಲ್ಲಿ ಹತ್ತು ಸಾವಿರ ಅಲೆಗಳು ಕೂರಬೇಕು. ಒಂದು ಅಲೆಗೆ ಸಿಗುವ ಜಾಗ 5 ಮೈಕ್ರೋಮೀಟರಿಗಿಂತ ಕಡಿಮೆ. ಹೆಡ್ ಮೇಲೆ ಅಷ್ಟೇ ದಪ್ಪದ ಕೊಳೆ ಕೂತು ಟೇಪನ್ನು ಒಂಚೂರು ದೂರ ತಳ್ಳಿದರೂ ಬಳೆಗಳು ಮಾಯ. ಒನಕೆ ಮಾತ್ರ ಎಂದಿನಂತೆ ಕೇಳುತ್ತದೆ, ಏಕೆಂದರೆ ಅದರ ಅಲೆ ಅದಕ್ಕಿಂತ ನೂರು ಪಟ್ಟು ಉದ್ದ. ನಮ್ಮ ಸಿ.ಡಿ.ಯಲ್ಲಿ ಬಳೆ ಮಂಕಾಗಿದ್ದುದಕ್ಕೆ ಮೊದಲ ಕಾರಣ ಇದೇ ಇರಬೇಕು.

ಹಂತ 1: ಕ್ಯಾಸೆಟ್ ಮತ್ತು ಪ್ಲೇಯರ್ ಸಿದ್ಧ ಮಾಡಿ

ಏನೇ ಮಾಡುವ ಮೊದಲು ಕ್ಯಾಸೆಟ್ಟಿನ ಮೇಲಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ. ಅವು ಇಲ್ಲದಿದ್ದರೆ ರೆಕಾರ್ಡ್ ಗುಂಡಿ ಒತ್ತಲು ಬರುವುದಿಲ್ಲ. ಕೈತಪ್ಪಿ ಅಜ್ಜಿಯ ದನಿಯ ಮೇಲೆ ಮೌನ ರೆಕಾರ್ಡ್ ಆಗುವುದು ತಪ್ಪುತ್ತದೆ.

ಕ್ಯಾಸೆಟ್ಟಿನ ಕಿಟಕಿಯಿಂದ ಟೇಪಿನ ಸುರುಳಿ ನೋಡಿ. ಬಿಳಿ ಪುಡಿಯಂತೆ ಕಂಡರೆ ಅದು ಬೂಸು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲ ಕಂಡ ಕ್ಯಾಸೆಟ್ಟುಗಳಲ್ಲಿ ಇದು ಸಾಮಾನ್ಯ. ಅಂಥದ್ದನ್ನು ಹಾಗೇ ಪ್ಲೇಯರಿಗೆ ಹಾಕಬೇಡಿ. ಟೇಪು ಅಂಟಿಕೊಂಡು ಹರಿಯಬಹುದು, ಬೂಸು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಇದು ಅನುಭವಸ್ಥರಿಗೆ ಬಿಡುವ ಕೆಲಸ.

ಟೇಪು ಚೊಕ್ಕಟವಾಗಿದ್ದರೆ ಪ್ಲೇಯರಿನ ಹೆಡ್ಡನ್ನೂ, ಟೇಪನ್ನು ಎಳೆಯುವ ಸಣ್ಣ ಲೋಹದ ಕಡ್ಡಿಯನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿ ಕಡ್ಡಿಯಿಂದ ಒರೆಸಿ. ಹತ್ತಿಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೂ ಒರೆಸಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್‌ನಂಥ ಜಿಡ್ಡು ಇರುತ್ತದೆ. ರಬ್ಬರ್ ಗಾಲಿಗೆ ಆಲ್ಕೋಹಾಲ್ ಬದಲು ಸೋಪು ನೀರಿನ ಒದ್ದೆ ಸಾಕು. ಒಣಗಿದ ಮೇಲೆ ಕ್ಯಾಸೆಟ್ ಹಾಕಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ಓಡಿಸಿ. ವರ್ಷಗಟ್ಟಲೆ ಒಂದೇ ಬಿಗಿಯಲ್ಲಿ ಕೂತ ಸುರುಳಿ ಸಡಿಲಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಹೆಡ್‌ನ ಪಕ್ಕದ ಒಂದು ಪುಟ್ಟ ಸ್ಕ್ರೂ ಹೆಡ್‌ನ ವಾಲುವಿಕೆಯನ್ನು ಹೊಂದಿಸುತ್ತದೆ. ಅಂದು ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಯಾವ ಕೋನದಲ್ಲಿತ್ತೋ ಇಂದು ಕೇಳಿಸುವ ಹೆಡ್ಡೂ ಅದೇ ಕೋನದಲ್ಲಿದ್ದರೆ ಮಾತ್ರ ಆ ಐದು ಮೈಕ್ರೋಮೀಟರಿನ ಅಲೆಗಳು ಸರಿಯಾಗಿ ಎದ್ದು ಬರುತ್ತವೆ. ಎಡ-ಬಲ ಎರಡನ್ನೂ ಕೂಡಿಸಿ ಮೋನೋದಲ್ಲಿ ಕೇಳುತ್ತಾ ಸ್ಕ್ರೂವನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ, ಬಳೆಗಳು ಅತ್ಯಂತ ಹೊಳಪಾಗಿ ಕೇಳುವಲ್ಲಿ ನಿಲ್ಲಿಸಿ. ನಾನು ಕಾಲು ಸುತ್ತೂ ತಿರುಗಿಸಲಿಲ್ಲ, ಬಳೆಗಳು ಎದುರಿಗೇ ಬಂದು ಕೂತವು. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಹೆಚ್ಚು ಸಿಕ್ಕಿದ್ದು ಈ ಹತ್ತು ನಿಮಿಷದಲ್ಲಿ.

ಹಂತ 2: ಸರಿಯಾದ ತೂತಿಗೆ ಸರಿಯಾದ ತಂತಿ

ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಈಗ ಇರುವುದು ಹೆಡ್‌ಫೋನ್, ಮೈಕ್ ಎರಡಕ್ಕೂ ಸೇರಿ ಒಂದೇ ತೂತು. ಅದರ ಮೈಕ್ ಭಾಗ ಮೋನೋ, ಮೇಲಾಗಿ ಅದು ನಿರೀಕ್ಷಿಸುವುದು ಕೆಲವೇ ಮಿಲಿವೋಲ್ಟ್. ಟೇಪ್ ಪ್ಲೇಯರಿನ ಲೈನ್-ಔಟ್ (ದನಿ ಹೊರಬರುವ ತೂತು) ಕೊಡುವುದು ಸುಮಾರು 0.3 ವೋಲ್ಟ್, ಅಂದರೆ ಹತ್ತಾರು ಪಟ್ಟು ಹೆಚ್ಚು. ನೇರವಾಗಿ ಸಿಕ್ಕಿಸಿದರೆ ದನಿ ಒಳಗೆ ಹೋಗುವ ಮೊದಲೇ ಒಡೆಯುತ್ತದೆ. ಅಷ್ಟು ವೋಲ್ಟೇಜ್ ತಾಳುವ ಲೈನ್-ಇನ್ ತೂತು ಇರುವ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ತೆಗೆದುಕೊಳ್ಳಿ, ಈ ಕೆಲಸಕ್ಕೆ ದುಬಾರಿಯದ್ದೇ ಬೇಕಿಲ್ಲ. ಪ್ಲೇಯರಿನಲ್ಲಿ ಲೈನ್-ಔಟ್ ಇಲ್ಲದಿದ್ದರೆ ಹೆಡ್‌ಫೋನ್ ತೂತಿನಿಂದ ತೆಗೆಯಬಹುದು, ವಾಲ್ಯೂಮ್ ಅರ್ಧದ ಆಸುಪಾಸಿನಲ್ಲಿರಲಿ.

ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ. ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ 50 ಸಲ ತೂಗಾಡುತ್ತದೆ. ಚಾರ್ಜರ್ ಮೂಲಕ ಅದು ನುಸುಳಿದರೆ 50, 100, 150 ಹರ್ಟ್ಜ್‌ನ ಗುಂಯ್ ಸದ್ದು ಹಾಡಿನ ಅಡಿಯಲ್ಲಿ ಕೂತುಬಿಡುತ್ತದೆ. ಮೊಬೈಲ್ ಫೋನನ್ನು ಇನ್ನೊಂದು ಕೋಣೆಯಲ್ಲಿಡಿ. ವಿಂಡೋಸ್‌ನ ಸೌಂಡ್ ಸೆಟ್ಟಿಂಗಿನಲ್ಲಿ 'ಎನ್‌ಹಾನ್ಸ್‌ಮೆಂಟ್' ಎಂದು ಏನೇ ಇದ್ದರೂ ಎಲ್ಲವನ್ನೂ ಆಫ್ ಮಾಡಿ. ಅವು ಫೋನ್ ಮಾತುಕತೆಗಾಗಿ ಇರುವಂಥವು. ಹಾಡಿನ ನಡುವಿನ ಉಸಿರನ್ನು ಗದ್ದಲವೆಂದು ತಿಳಿದು ಅಳಿಸುತ್ತವೆ.

ಹಂತ 3: ಸೆಕೆಂಡಿಗೆ ಎಷ್ಟು ಸಲ ಅಳೆಯಬೇಕು?

ಈಗ ತಂತಿಯಲ್ಲಿ ಏರಿಳಿಯುವ ವೋಲ್ಟೇಜ್ ಇದೆ. ಕಂಪ್ಯೂಟರಿಗೆ ಬೇಕಾದದ್ದು ಅಂಕಿ. ಸೌಂಡ್ ಕಾರ್ಡಿನ ಒಳಗಿನ ಚಿಪ್ ಆ ವೋಲ್ಟೇಜನ್ನು ಸಮನಾದ ಅಂತರದಲ್ಲಿ ಮತ್ತೆ ಮತ್ತೆ ಅಳೆದು ಬರೆದಿಡುತ್ತದೆ. ಒಂದೊಂದು ಅಳತೆಗೂ ಸ್ಯಾಂಪಲ್ ಎಂದು ಹೆಸರು. ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಎಂಬುದು ಸ್ಯಾಂಪ್ಲಿಂಗ್ ರೇಟ್.

ಎಷ್ಟು ಬೇಕು? ಬೆಲ್ ಲ್ಯಾಬ್ಸ್‌ನ ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಟೆಲಿಗ್ರಾಫ್ ಕುರಿತು ಬರೆದದ್ದರಲ್ಲಿ ಇದರ ಬೀಜವಿತ್ತು. ರಷ್ಯಾದ ವ್ಲಾಡಿಮಿರ್ ಕೊಟೆಲ್ನಿಕೊವ್ 1933ರಲ್ಲಿ, ಅಮೆರಿಕದ ಕ್ಲಾಡ್ ಶ್ಯಾನನ್ 1949ರಲ್ಲಿ ಇದನ್ನು ಗಟ್ಟಿ ಪ್ರಮೇಯವಾಗಿಸಿದರು: ದನಿಯಲ್ಲಿರುವ ಅತಿ ಹೆಚ್ಚಿನ ಆವರ್ತನದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಸಾಕು, ಆ ಬಿಂದುಗಳಿಂದ ಮೂಲ ಅಲೆಯನ್ನು ಪೂರ್ತಿಯಾಗಿ ಮರಳಿ ಪಡೆಯಬಹುದು. ಹತ್ತಿರ ಹತ್ತಿರ ಬರುವಂತೆ ಅಲ್ಲ, ಪೂರ್ತಿಯಾಗಿ.

ಕಡಿಮೆ ಸಲ ಅಳೆದರೆ ಏನಾಗುತ್ತದೆ? ಹಳೆಯ ಸಿನಿಮಾಗಳಲ್ಲಿ ಓಡುವ ಜಟಕಾ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದನ್ನು ನೋಡಿದ್ದೀರಿ. ಸೆಕೆಂಡಿಗೆ 24 ಚಿತ್ರ ಸಾಲದೆ ಕಣ್ಣಿಗೆ ಇಲ್ಲದ ಚಲನೆ ಕಾಣುತ್ತದೆ. ಕಿವಿಗೂ ಹಾಗೆಯೇ. ಸೆಕೆಂಡಿಗೆ 44,100 ಸಲ ಅಳೆಯುವ ಕಡೆ 30,000 ಹರ್ಟ್ಜ್‌ನ ಸದ್ದು ಒಳಬಂದರೆ ಅದು 14,100 ಹರ್ಟ್ಜ್‌ನ ಸುಳ್ಳು ಸದ್ದಾಗಿ ದಾಖಲಾಗುತ್ತದೆ. ಒಮ್ಮೆ ದಾಖಲಾದ ಮೇಲೆ ಅದು ಸುಳ್ಳೋ ನಿಜವೋ ಹೇಳಲು ದಾರಿಯಿಲ್ಲ. ಅದಕ್ಕೇ ಅಳೆಯುವ ಮೊದಲೇ ಅರ್ಧ ಮಿತಿಗಿಂತ ಮೇಲಿನದ್ದನ್ನೆಲ್ಲ ಸೋಸುವ ಫಿಲ್ಟರ್ ಸೌಂಡ್ ಕಾರ್ಡಿನಲ್ಲೇ ಇರುತ್ತದೆ.

ಸ್ಯಾಂಪ್ಲಿಂಗ್ ರೇಟ್ ಕಡಿಮೆಯಾದರೆ ಕನ್ನಡಕ್ಕೆ ಏನಾಗುತ್ತದೆ ಎಂಬುದಕ್ಕೆ ಫೋನೇ ಸಾಕ್ಷಿ. ಸಾಂಪ್ರದಾಯಿಕ ದೂರವಾಣಿ ಜಾಲ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತದೆ, 300ರಿಂದ 3,400 ಹರ್ಟ್ಜ್‌ವರೆಗಿನದನ್ನು ಮಾತ್ರ ದಾಟಿಸುತ್ತದೆ. 'ಸ'ಕಾರದ ಹೆಚ್ಚಿನ ಶಕ್ತಿ 4,000 ಹರ್ಟ್ಜ್‌ಗಿಂತ ಮೇಲಿದೆ, 'ಶ'ಕಾರದ್ದು ಅದಕ್ಕಿಂತ ಕೆಳಗೆ ಶುರುವಾಗುತ್ತದೆ. ಲ್ಯಾಂಡ್‌ಲೈನಿನಲ್ಲಿ 'ಸಾಲು' ಎಂದರೆ ಆ ಕಡೆಯವರು 'ಶಾಲಾ?' ಎಂದು ಕೇಳುವುದಕ್ಕೆ ಅವರ ಕಿವಿ ಕಾರಣವಲ್ಲ. ಆ ಎರಡನ್ನು ಬೇರೆ ಮಾಡುವ ಭಾಗ ತಂತಿಗೇ ಇಳಿದಿಲ್ಲ.

ಸಿ.ಡಿ.ಯ 44,100 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ನನಗೆ ಬಹಳ ದಿನ ಕುತೂಹಲವಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಇಷ್ಟೊಂದು ಅಂಕಿಗಳನ್ನು ಹಿಡಿಸುವ ಶಕ್ತಿ ಇದ್ದದ್ದು ವಿಡಿಯೊ ಟೇಪಿಗೆ ಮಾತ್ರ. ಚಿತ್ರದ ಒಂದೊಂದು ಗೆರೆಯಲ್ಲಿ ಮೂರು ಸ್ಯಾಂಪಲ್ ಇಟ್ಟರು. ಅಮೆರಿಕ, ಜಪಾನಿನ ವಿಡಿಯೊದಲ್ಲಿ 245 ಗೆರೆ, ಸೆಕೆಂಡಿಗೆ 60 ಸಲ: ಮೂರನ್ನೂ ಗುಣಿಸಿದರೆ 44,100. ಯೂರೋಪಿನ ಪದ್ಧತಿಯಲ್ಲಿ 294 ಗೆರೆ, ಸೆಕೆಂಡಿಗೆ 50 ಸಲ: ಗುಣಿಸಿ ನೋಡಿ, ಅದೂ 44,100. ಎರಡೂ ಕಡೆ ಹೊಂದಿದ ಆ ಸಂಖ್ಯೆ 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಗೂ ಬಂತು.

ನಿಮ್ಮ ಕ್ಯಾಸೆಟ್ಟಿಗೆ 48,000 ಆರಿಸಿಕೊಳ್ಳಿ. ದನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಐಎಎಸ್‌ಎ ಕನಿಷ್ಠವೆಂದು ಹೇಳುವುದೂ ಇದನ್ನೇ, ಜತೆಗೆ 24 ಬಿಟ್ (ಬಿಟ್ ಎಂದರೇನು ಎಂಬುದು ಮುಂದಿನ ಹಂತದಲ್ಲಿದೆ). 96,000, 1,92,000 ಎಂದು ಮೆನುವಿನಲ್ಲಿ ಕಂಡರೆ ಆಸೆಪಡಬೇಡಿ. ಮನೆಯ ಟೇಪ್ ರೆಕಾರ್ಡರಿನಲ್ಲಿ ಹಿಡಿದ ಕ್ಯಾಸೆಟ್ಟಿನಲ್ಲಿ 24,000 ಹರ್ಟ್ಜ್‌ಗಿಂತ ಮೇಲೆ ಹಾಡಿನದ್ದು ಏನೂ ಇಲ್ಲ.

ಇಲ್ಲೊಂದು ಪ್ರಯೋಗ ಮಾಡಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2000ದಲ್ಲಿ ಹೊರಬಂದ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಪ್ರಾಜೆಕ್ಟ್ ರೇಟ್ 48,000 ಇಟ್ಟು, 'ಜನರೇಟ್' ಮೆನುವಿನಲ್ಲಿ 'ಟೋನ್' ಆರಿಸಿ 1,000 ಹರ್ಟ್ಜ್‌ನ ಸೈನ್ ಅಲೆ ಮಾಡಿ. ಬಿಂದುಗಳು ಬಿಡಿಬಿಡಿಯಾಗಿ ಕಾಣುವವರೆಗೂ ಹಿಗ್ಗಿಸುತ್ತಾ ಹೋಗಿ. ಒಂದು ಅಲೆಗೆ 48 ಬಿಂದು ಎಣಿಸಬಹುದು. ಈಗ 10,000 ಹರ್ಟ್ಜ್‌ನ ಇನ್ನೊಂದು ಮಾಡಿ. ಅಲೆಗೆ ಐದೂ ಇಲ್ಲ, ಗೆರೆ ಗರಗಸದ ಹಲ್ಲಿನಂತೆ ಅಂಕುಡೊಂಕು. ವಾಲ್ಯೂಮ್ ತಗ್ಗಿಸಿ ಕೇಳಿ: ಕೀರಲಿದ್ದರೂ ಅಪ್ಪಟ ಶುದ್ಧ ಸ್ವರ. ಅಂಕುಡೊಂಕು ಇರುವುದು ಪರದೆಯ ಚಿತ್ರದಲ್ಲಿ ಮಾತ್ರ. ಏಕೆ ಎಂಬುದು ಕೊನೆಯ ಹಂತದಲ್ಲಿ ಬರುತ್ತದೆ.

ಹಂತ 4: ಒಂದೊಂದು ಅಳತೆಯೂ ಎಷ್ಟು ನಿಖರ?

ಇದನ್ನು ತಿಳಿಯಲು ನಮ್ಮ ಹಳೆಯ ಅಳತೆಗಳಿಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಸೇರು, ಅದರ ಅರ್ಧ ಅಚ್ಚೇರು, ಅದರ ಅರ್ಧ ಪಾವು, ಅದರ ಅರ್ಧ ಅರಪಾವು, ಅದರ ಅರ್ಧ ಚಟಾಕು. ಪ್ರತಿಯೊಂದೂ ಹಿಂದಿನದರ ಸರಿ ಅರ್ಧ. ಕಂಪ್ಯೂಟರಿನ ಬಿಟ್‌ಗಳೂ ಹೀಗೆಯೇ.

ಒಂದು ರಾಗಿಯ ರಾಶಿ ಇದೆ ಎನ್ನಿ. ಸೇರು ತುಂಬುತ್ತದೆಯೆ? ತುಂಬಿತು, 1 ಬರೆಯಿರಿ, ಅಷ್ಟನ್ನು ಪಕ್ಕಕ್ಕೆ ಸುರಿಯಿರಿ. ಉಳಿದದ್ದರಲ್ಲಿ ಅಚ್ಚೇರು ತುಂಬುತ್ತದೆಯೆ? ಇಲ್ಲ, 0. ಪಾವು? ತುಂಬಿತು, 1. ಅರಪಾವು? 1. ಚಟಾಕು? ಇಲ್ಲ, 0. ರಾಶಿಯ ಅಳತೆ 10110. ಚಟಾಕಿನ ಲೆಕ್ಕದಲ್ಲಿ 16, 4, 2 ಸೇರಿ 22. ಒಂದು ಬಗೆಯ ಅಳತೆಯ ಚಿಪ್ ಮಾಡುವುದು ಸಾಕ್ಷಾತ್ ಇದನ್ನೇ: ಬಂದ ವೋಲ್ಟೇಜನ್ನು ಮೊದಲು ದೊಡ್ಡ ಅಳತೆಯ ಜತೆ, ಆಮೇಲೆ ಅರ್ಧ, ಕಾಲು, ಅರೆಕಾಲು ಹೀಗೆ ಹೋಲಿಸುತ್ತಾ ಒಂದೊಂದೇ ಬಿಟ್ ಬರೆಯುತ್ತದೆ. ಇಂದಿನ ಸೌಂಡ್ ಕಾರ್ಡುಗಳಲ್ಲಿ ಹೆಚ್ಚಾಗಿ ಇರುವುದು ಡೆಲ್ಟಾ-ಸಿಗ್ಮಾ ಎಂಬ ಇನ್ನೊಂದು ಬಗೆ. ಅದು ತೀರಾ ಒರಟಾಗಿ, ಆದರೆ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಅಳೆದು, ತಪ್ಪನ್ನು ಮುಂದಿನ ಅಳತೆಗೆ ದಾಟಿಸುತ್ತಾ, ಕೊನೆಗೆ ಎಲ್ಲವನ್ನೂ ಸೋಸಿ ಸರಾಸರಿ ಮಾಡಿ ನಿಖರ ಅಂಕಿ ಕೊಡುತ್ತದೆ. ಕೈಗೆ ಸಿಗುವ ಫಲ ಒಂದೇ.

ಚಟಾಕೂ ತುಂಬದೆ ಉಳಿದ ಆ ಒಂದು ಹಿಡಿ ರಾಗಿ? ಅದು ಲೆಕ್ಕಕ್ಕೆ ಬರಲಿಲ್ಲ. ದನಿಯಲ್ಲೂ ಹಾಗೆ ಬಿಟ್ಟುಹೋಗುವುದೇ ಕ್ವಾಂಟೈಸೇಶನ್ ತಪ್ಪು. ಒನಕೆಯಂಥ ದೊಡ್ಡ ಸದ್ದಿಗೆ ಒಂದು ಹಿಡಿ ಲೆಕ್ಕಕ್ಕಿಲ್ಲ. ಅಜ್ಜಿಯ ಉಸಿರಿನ ಒಟ್ಟು ಅಳತೆಯೇ ಒಂದು ಹಿಡಿ.

ಬಿಟ್ ಒಂದೊಂದು ಹೆಚ್ಚಿದಂತೆ ಮೆಟ್ಟಿಲುಗಳು ಇಮ್ಮಡಿಯಾಗುತ್ತವೆ, ಆ ತಪ್ಪಿನಿಂದ ಹುಟ್ಟುವ ಗದ್ದಲ ಸುಮಾರು 6 ಡೆಸಿಬಲ್ (ಸದ್ದಿನ ಮಟ್ಟದ ಅಳತೆ) ತಗ್ಗುತ್ತದೆ. 8 ಬಿಟ್‌ಗೆ 256 ಮೆಟ್ಟಿಲು, 16 ಬಿಟ್‌ಗೆ 65,536, 24 ಬಿಟ್‌ಗೆ 1,67,77,216. ಸಿ.ಡಿ.ಯ 16 ಬಿಟ್ ಕೊಡುವ ಹರವು ಸುಮಾರು 96 ಡೆಸಿಬಲ್. ಕ್ಯಾಸೆಟ್ಟಿನ ಹಿಸ್ ಸದ್ದಿಗೂ ಅದರ ಅತಿ ಜೋರು ಸದ್ದಿಗೂ ನಡುವಿನ ಅಂತರ ಇದಕ್ಕಿಂತ ಎಷ್ಟೋ ಕಡಿಮೆ. ಹಾಗಾದರೆ 24 ಯಾಕೆ? ಮಟ್ಟವನ್ನು ತಗ್ಗಿಸಿ ನೆಮ್ಮದಿಯಿಂದ ರೆಕಾರ್ಡ್ ಮಾಡಲು. ಅದು ಮುಂದಿನ ಹಂತದಲ್ಲಿ ಬರುತ್ತದೆ.

ಬಿಟ್ ಸಾಲದಿದ್ದರೆ ಏನಾಗುತ್ತದೆ ಎಂದು ಕಿವಿಯಾರೆ ಕೇಳಿ. ಆಡಾಸಿಟಿಯಲ್ಲಿ ನಿಮ್ಮದೇ ದನಿ ಹತ್ತು ಸೆಕೆಂಡು ರೆಕಾರ್ಡ್ ಮಾಡಿ. 'ನಾರ್ಮಲೈಸ್' ಎಫೆಕ್ಟಿನಿಂದ ಅದರ ತುದಿಯನ್ನು ಮೈನಸ್ 40 ಡೆಸಿಬಲ್‌ಗೆ ಇಳಿಸಿ. ಪ್ರಿಫರೆನ್ಸಸ್‌ನ 'ಕ್ವಾಲಿಟಿ' ಪುಟದಲ್ಲಿ ಡಿಥರ್ ಎಂಬುದನ್ನು ಆಫ್ ಮಾಡಿ, 8 ಬಿಟ್ ವೇವ್ ಕಡತವಾಗಿ ಉಳಿಸಿ. ಅದನ್ನೇ ಮತ್ತೆ ತೆರೆದು ಜೋರು ಮಾಡಿ ಕೇಳಿ. 256 ಮೆಟ್ಟಿಲುಗಳಲ್ಲಿ ಆ ಮೆಲುದನಿಗೆ ಸಿಕ್ಕಿದ್ದು ಮೂರೇ ಮೆಟ್ಟಿಲು: ಮೇಲೆ, ನಡುವೆ, ಕೆಳಗೆ. ಮಾತು ಮುರಿದು ಕರಕರ ಎನ್ನುತ್ತದೆ, ಮೆಲ್ಲನೆಯ ಭಾಗಗಳು ಪೂರ್ತಿ ಕಾಣೆ. ಈಗ ಡಿಥರ್ ಹಾಕಿ ಅದನ್ನೇ ಇನ್ನೊಮ್ಮೆ ಮಾಡಿ. ಡಿಥರ್ ಎಂದರೆ ಅಳೆಯುವ ಮುನ್ನ ಬೇಕೆಂದೇ ಬೆರೆಸುವ ಒಂಚೂರು ಹಿಸ್. ಕಳೆದುಹೋಗಿದ್ದ ಮಾತು ಹಿಸ್‌ನ ನಡುವಿನಿಂದ ಎದ್ದು ಬರುತ್ತದೆ! ಹಿಡಿ ರಾಗಿ ಕೆಲವೊಮ್ಮೆ ಚಟಾಕಾಗಿ, ಕೆಲವೊಮ್ಮೆ ಸೊನ್ನೆಯಾಗಿ ಎಣಿಕೆಯಾಗಿ, ಒಟ್ಟು ಸರಾಸರಿಯಲ್ಲಿ ಲೆಕ್ಕ ಸರಿಹೋಗುತ್ತದೆ. ಗದ್ದಲ ಬೆರೆಸಿ ದನಿ ಉಳಿಸುವ ಈ ಉಪಾಯ ಮೊದಲ ಸಲ ಕೇಳಿದಾಗ ನನಗೆ ರೋಮಾಂಚನವಾಗಿತ್ತು.

ಹಂತ 5: ಮಟ್ಟ ಹೊಂದಿಸಿ, ರೆಕಾರ್ಡ್ ಒತ್ತಿ

ಅಂಗಡಿಯಲ್ಲಿ ನಮ್ಮ ಹಾಡು ಕೆಟ್ಟದ್ದು ಇಲ್ಲಿ. ಅಂಕಿಗಳಿಗೆ ಒಂದು ಸೂರು ಇದೆ. 16 ಬಿಟ್‌ನಲ್ಲಿ ಅದು 32,767. ವೋಲ್ಟೇಜ್ ಅದಕ್ಕಿಂತ ಮೇಲೆ ಹೋದರೂ ಬರೆಯುವುದು 32,767 ಎಂದೇ. ಅಲೆಯ ಗುಂಡಗಿನ ತಲೆ ಕತ್ತರಿಸಿ ಚಪ್ಪಟೆಯಾಗುತ್ತದೆ. ಇದೇ ಕ್ಲಿಪ್ಪಿಂಗ್, ಅದೇ ಆ ಗರಗರ. ಆಮೇಲೆ ವಾಲ್ಯೂಮ್ ಇಳಿಸಿದರೆ ಚಪ್ಪಟೆ ತಲೆ ಚಿಕ್ಕದಾಗುತ್ತದೆ ಅಷ್ಟೆ, ಗುಂಡಗಾಗುವುದಿಲ್ಲ.

ಆಡಾಸಿಟಿಯಲ್ಲಿ ಸೌಂಡ್ ಕಾರ್ಡಿನ ಲೈನ್-ಇನ್ ಆರಿಸಿ, ಸ್ಟೀರಿಯೊ, 48,000, 24 ಬಿಟ್ ಇಡಿ. ಕ್ಯಾಸೆಟ್ಟಿನ ಅತಿ ಜೋರಾದ ಜಾಗ ಹುಡುಕಿ. ಹಾಡುಗಾರರ ಏರುದನಿಯೇ ಜೋರು ಎಂದುಕೊಳ್ಳುತ್ತೇವೆ. ನಮ್ಮಲ್ಲಿ ಮೀಟರನ್ನು ಎಲ್ಲಕ್ಕಿಂತ ಮೇಲೆ ಹಾರಿಸಿದ್ದು ಒನಕೆ. ಅಲ್ಲಿ ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ನಿಲ್ಲುವಂತೆ ಹೊಂದಿಸಿ. ಸೊನ್ನೆಯೇ ಸೂರು, ಅದನ್ನು ಮುಟ್ಟಬಾರದು. ಅಲೆ ಪರದೆಯಲ್ಲಿ ಸಣ್ಣದಾಗಿ ಕಂಡರೆ ಚಿಂತೆ ಬೇಡ. 24 ಬಿಟ್‌ನಲ್ಲಿ 12 ಡೆಸಿಬಲ್ ಬಿಟ್ಟುಕೊಟ್ಟರೆ ಹೋಗುವುದು ಎರಡೇ ಬಿಟ್, ಇನ್ನೂ 22 ಇವೆ.

ಕ್ಯಾಸೆಟ್ಟನ್ನು ಮೊದಲಿಗೆ ಸುತ್ತಿ, ರೆಕಾರ್ಡ್ ಒತ್ತಿ, ಆಮೇಲೆ ಪ್ಲೇ ಒತ್ತಿ. ಒಂದು ಬದಿ ಮುಗಿಯುವವರೆಗೆ ನಿಲ್ಲಿಸಬೇಡಿ, ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸ ಮಾಡಬೇಡಿ. ಕೂತು ಕೇಳಿ. ನಮ್ಮನೆಯಲ್ಲಿ ಆ ಅರ್ಧ ಗಂಟೆ ಯಾರೂ ಎದ್ದು ಹೋಗಲಿಲ್ಲ.

ಹಂತ 6: ಕಡತದೊಳಗೆ ಇಣುಕಿ

ಲೆಕ್ಕ ಸರಳ. 48,000 ಸ್ಯಾಂಪಲ್, ಒಂದೊಂದಕ್ಕೆ 3 ಬೈಟ್, ಎಡ-ಬಲ ಎರಡು: ಸೆಕೆಂಡಿಗೆ 2,88,000 ಬೈಟ್. ನಿಮಿಷಕ್ಕೆ ಸುಮಾರು 17 ಎಂಬಿ, ಅರವತ್ತು ನಿಮಿಷಕ್ಕೆ ಸುಮಾರು 1 ಜಿಬಿ. ಇಂದಿನ ದಿನಕ್ಕೆ ಇದು ದೊಡ್ಡದಲ್ಲ.

ಉಳಿಸುವಾಗ ವೇವ್ ಎಂಬ ಬಗೆ ಆರಿಸಿ. ಐಬಿಎಂ ಮತ್ತು ಮೈಕ್ರೋಸಾಫ್ಟ್ 1991ರಲ್ಲಿ ತಂದ ಈ ಕಡತದ ಒಳರಚನೆ ತೀರಾ ಸರಳ, ಬಹುಕಾಲ ಬಾಳುವುದಕ್ಕೆ ಅದೇ ಕಾರಣ. ಮೊದಲು ಒಂದು ಪುಟ್ಟ ತಲೆಬರಹ: ಸ್ಯಾಂಪ್ಲಿಂಗ್ ರೇಟ್ ಎಷ್ಟು, ಬಿಟ್ ಎಷ್ಟು, ಚಾನೆಲ್ ಎಷ್ಟು. ಆಮೇಲೆ ಅಂಕಿಗಳು ಸಾಲಾಗಿ: ಎಡ, ಬಲ, ಎಡ, ಬಲ. ಬೈಟ್‌ಗಳಲ್ಲಿ ಚಿಕ್ಕ ಭಾಗ ಮೊದಲು ಬರುತ್ತದೆ. 16 ಬಿಟ್ ಕಡತದಲ್ಲಿ 1000 ಎಂಬ ಅಂಕಿ 232, 3 ಎಂದು ಕೂತಿರುತ್ತದೆ: 3ನ್ನು 256ರಿಂದ ಗುಣಿಸಿ 232 ಕೂಡಿಸಿ. ಆ ತಲೆಬರಹವೂ ದನಿಯಷ್ಟೇ ಮುಖ್ಯ. 44,100ರಲ್ಲಿ ಅಳೆದದ್ದನ್ನು 48,000 ಎಂದು ತಪ್ಪಾಗಿ ಓದಿಸಿದರೆ ಹಾಡು ಓಡುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಏರುತ್ತದೆ.

ಈ ಮೊದಲ ಕಡತವನ್ನು ಯಾವತ್ತೂ ತಿದ್ದಬೇಡಿ. ಹಿಸ್ ತೆಗೆಯುವುದು, ಹಾಡುಗಳನ್ನು ಬೇರೆ ಮಾಡುವುದು ಎಲ್ಲವೂ ನಕಲಿನ ಮೇಲೆ. ಗದ್ದಲ ತೆಗೆಯುವ ಎಫೆಕ್ಟನ್ನು ಹಗುರಾಗಿ, 6 ಡೆಸಿಬಲ್‌ನಷ್ಟು ಬಳಸಿ. ಹೆಚ್ಚಾದರೆ ಹಿಸ್ ಜತೆ ಬಳೆಗಳೂ ಹೋಗುತ್ತವೆ.

ಹಂತ 7: ಕುಗ್ಗಿಸುವುದು, ಹಂಚುವುದು

ಕುಗ್ಗಿಸುವುದರಲ್ಲಿ ಎರಡು ದಾರಿ. ಫ್ಲಾಕ್ ಎಂಬುದು ಹಿಂದಿನ ಸ್ಯಾಂಪಲ್‌ಗಳನ್ನು ನೋಡಿ ಮುಂದಿನದು ಎಷ್ಟಿರಬಹುದು ಎಂದು ಊಹಿಸಿ, ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದಿಡುತ್ತದೆ. ವ್ಯತ್ಯಾಸ ಸಣ್ಣ ಅಂಕಿಯಾದ್ದರಿಂದ ಜಾಗ ಉಳಿಯುತ್ತದೆ, ಬಿಚ್ಚಿದಾಗ ಒಂದು ಅಂಕಿಯೂ ಬದಲಾಗಿರುವುದಿಲ್ಲ. ನಂಬಿಕೆ ಬರದಿದ್ದರೆ ಒಂದೇ ಹಾಡಿನ ವೇವ್ ಮತ್ತು ಫ್ಲಾಕ್ ಎರಡನ್ನೂ ಒಂದರ ಕೆಳಗೊಂದು ತೆರೆದು, ಒಂದಕ್ಕೆ 'ಇನ್ವರ್ಟ್' ಕೊಟ್ಟು ಎರಡನ್ನೂ ಬೆರೆಸಿ. ಉಳಿಯುವುದು ನೇರ ಗೆರೆ, ಪೂರ್ತಿ ಮೌನ.

ಎಂಪಿ3 ಬೇರೆ ಜಾತಿ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಹೆಚ್ಚಿನ ಕೆಲಸ ನಡೆದು 1993ರಲ್ಲಿ ಮಾನಕವಾಗಿ ಪ್ರಕಟವಾದ ಈ ವಿಧಾನ ಕಿವಿಯ ದೌರ್ಬಲ್ಯವನ್ನು ಬಳಸಿಕೊಳ್ಳುತ್ತದೆ. ಜೋರು ಸದ್ದಿನ ಪಕ್ಕದ ಮೆಲ್ಲನೆಯ ಸದ್ದು ನಮಗೆ ಕೇಳದು. ಕೇಳದ್ದನ್ನು ಒರಟಾಗಿ ಬರೆದಿಡುತ್ತದೆ ಅಥವಾ ಬಿಟ್ಟೇಬಿಡುತ್ತದೆ. 128 ಕೆಬಿಪಿಎಸ್‌ನಲ್ಲಿ (ಸೆಕೆಂಡಿಗೆ 128 ಕಿಲೋಬಿಟ್) ಸಿ.ಡಿ.ಯ ಹನ್ನೊಂದರಲ್ಲಿ ಒಂದು ಭಾಗದಷ್ಟಾಗುತ್ತದೆ, ಸಾಮಾನ್ಯವಾಗಿ 16,000 ಹರ್ಟ್ಜ್ ಆಸುಪಾಸಿನಿಂದ ಮೇಲಿನದ್ದು ಹೋಗಿರುತ್ತದೆ. ಫೋನಿನಲ್ಲಿ ಕೇಳಲು, ನೆಂಟರಿಗೆ ಕಳಿಸಲು ಇದು ಚೆನ್ನ. ಕಾಪಿಡಲು ಅಲ್ಲ. ಎಂಪಿ3ಯನ್ನು ತಿದ್ದಿ ಮತ್ತೆ ಎಂಪಿ3 ಮಾಡಿದರೆ ಪ್ರತಿ ಸಲವೂ ಇನ್ನಷ್ಟು ಹೋಗುತ್ತದೆ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಫ್ಲಾಕ್ ಕಡತವನ್ನು 'ಡಾಕ್ಯುಮೆಂಟ್' ಎಂದು ಲಗತ್ತಿಸಿ.

ಹಂತ 8: ಅಂಕಿ ಮತ್ತೆ ದನಿಯಾಗುವುದು

ಪ್ಲೇ ಒತ್ತಿದಾಗ ದಾರಿ ಹಿಮ್ಮುಖ. ಕಡತದ ಅಂಕಿಗಳು ಸಾಲಾಗಿ ಸೌಂಡ್ ಕಾರ್ಡಿನ ಇನ್ನೊಂದು ಚಿಪ್ಪಿಗೆ ಹೋಗುತ್ತವೆ. ಒಂದು ಸ್ಫಟಿಕದ ಗಡಿಯಾರದ ತಾಳಕ್ಕೆ ಸರಿಯಾಗಿ, ಸೆಕೆಂಡಿಗೆ 48,000ದಂತೆ, ಅದು ಒಂದೊಂದು ಅಂಕಿಗೂ ತಕ್ಕ ವೋಲ್ಟೇಜ್ ಕೊಡುತ್ತದೆ.

ಡಿಜಿಟಲ್ ದನಿ ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ಅನಲಾಗಿನ ನಯ ಅದಕ್ಕಿಲ್ಲ ಎಂದು ತುಂಬಾ ಜನ ನಂಬಿದ್ದಾರೆ. ಇದು ತಪ್ಪು. ಚಿಪ್ಪಿನ ಕೊನೆಯಲ್ಲಿ ಮತ್ತೆ ಒಂದು ಫಿಲ್ಟರ್ ಇದೆ, 24,000 ಹರ್ಟ್ಜ್‌ಗಿಂತ ಮೇಲಿನದನ್ನು ಬಿಡದು. ಮೆಟ್ಟಿಲಿನ ಚೂಪು ಅಂಚುಗಳೆಲ್ಲ ಆ ಮಿತಿಗಿಂತ ಮೇಲಿನ ಆವರ್ತನಗಳೇ. ಅವು ಸೋಸಿಹೋದರೆ ಉಳಿಯುವುದು ನುಣುಪಾದ ಅಲೆ. ಆ ಬಿಂದುಗಳೆಲ್ಲವನ್ನೂ ಹಾದು, ಮಿತಿಯನ್ನೂ ಮೀರದೆ ಹೋಗಬಲ್ಲ ಗೆರೆ ಒಂದೇ ಒಂದು. ಶ್ಯಾನನ್ ಪ್ರಮೇಯ ಹೇಳಿದ್ದು ಇದನ್ನೇ. ಹಂತ 3ರಲ್ಲಿ ಗರಗಸದಂತೆ ಕಂಡ 10,000 ಹರ್ಟ್ಜ್ ಶುದ್ಧವಾಗಿ ಕೇಳಿದ್ದು ಇದರಿಂದಲೇ.

ಆಮೇಲೆ ಆಂಪ್ಲಿಫೈಯರ್ ಆ ಅಲೆಗೆ ಬಲ ತುಂಬುತ್ತದೆ. ಸ್ಪೀಕರಿನ ತಂತಿ ಸುರುಳಿ ಅಯಸ್ಕಾಂತದ ನಡುವೆ ಹಿಂದೆ ಮುಂದೆ ಓಡುತ್ತದೆ, ಅದಕ್ಕೆ ಅಂಟಿದ ಕಾಗದದ ಶಂಕು ಗಾಳಿಯನ್ನು ಒತ್ತಿ ಸಡಿಲಿಸುತ್ತದೆ.

ಒಳ್ಳೆಯ ಹೆಡ್‌ಫೋನ್ ಹಾಕಿ, ಒಂದು ಕೈಯಲ್ಲಿ ಕ್ಯಾಸೆಟ್, ಇನ್ನೊಂದರಲ್ಲಿ ಕಡತ ಇಟ್ಟುಕೊಂಡು ಅದೇ ಸಾಲನ್ನು ಎರಡರಲ್ಲೂ ಕೇಳಿ ಹೋಲಿಸಿ. ಒನಕೆ ಒಡೆಯದೆ ಬರುತ್ತಿದೆಯೆ? ಬಳೆ ಟೇಪಿನಲ್ಲಿದ್ದಷ್ಟೇ ಹೊಳೆಯುತ್ತಿದೆಯೆ? ಸಾಲು ಶುರುವಾಗುವ ಮೊದಲಿನ ಉಸಿರು ಇದೆಯೆ? ಮೂರರಲ್ಲಿ ಒಂದಕ್ಕೆ ಇಲ್ಲ ಎಂದಾದರೂ ಹಿಂದಿನ ಹಂತಕ್ಕೆ ಹೋಗಿ, ಮತ್ತೆ ಇಳಿಸಿ. ನಾನು ನಾಲ್ಕು ಸಲ ಇಳಿಸಿದೆ.

ಎಲ್ಲ ಸರಿಬಂದ ಮೇಲೆ ಕಡತದ ಎರಡು ನಕಲು ಬೇರೆ ಬೇರೆ ಡಿಸ್ಕಿನಲ್ಲಿ, ಮೂರನೆಯದು ಬೇರೆ ಊರಿನ ನೆಂಟರ ಮನೆಯಲ್ಲಿ ಇರಲಿ. ಹಾಡಿದವರು ಯಾರು, ಯಾವ ಊರು, ಯಾವ ಮದುವೆ ಎಂಬುದನ್ನು ಒಂದು ಪಠ್ಯ ಕಡತದಲ್ಲಿ ಬರೆದು ಜತೆಗೇ ಇಡಿ. ನಮ್ಮ ಟೇಪಿನ ನಾಲ್ಕು ಹೆಂಗಸರಲ್ಲಿ ಒಬ್ಬರ ಹೆಸರು ಈಗ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಕ್ಯಾಸೆಟ್ಟನ್ನು ಎಸೆಯಬೇಡಿ. ಅಂಗಡಿಯ ಸಿ.ಡಿ. ಬಂದ ದಿನವೇ ನಾವು ಅದನ್ನು ಎಸೆದಿದ್ದರೆ ಅಜ್ಜಿಯ ತಾರಸ್ಥಾಯಿ ಆ ಚಪ್ಪಟೆ ತಲೆಯ ಅಲೆಗಳಲ್ಲೇ ಮುಗಿದುಹೋಗುತ್ತಿತ್ತು. ನಾಳೆ ನನಗಿಂತ ಒಳ್ಳೆಯ ಹೆಡ್, ಒಳ್ಳೆಯ ಕಿವಿ ಇರುವವರು ಇದೇ ಟೇಪಿನಿಂದ ಇನ್ನಷ್ಟು ತೆಗೆಯಬಹುದು. ಒಂದು ತುದಿಗೆ ಪೂರ್ತಿ ಸುತ್ತಿ, ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್‌ನ ಒಂದು ಪುಟ್ಟ ಪೊಟ್ಟಣ ಹಾಕಿ, ಸ್ಪೀಕರಿನ ಅಯಸ್ಕಾಂತದಿಂದ ದೂರ, ಬೀರುವಿನ ಮೇಲಿನ ಒಣ ಅರೆಯಲ್ಲಿಡಿ.